ಮಿಲ್ವಾಕಿ, 1993: ನಿಯಮದೊಳಗಿದ್ದ ನೀರು, ಹಾಸಿಗೆ ಹಿಡಿದ ನಗರ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಷಿಗನ್ ಸರೋವರದ ಪಶ್ಚಿಮ ದಂಡೆಯ ಮೇಲಿರುವ ಮಿಲ್ವಾಕಿ ನಗರ ಮತ್ತು ಅದರ ಸುತ್ತಲಿನ ಜಿಲ್ಲೆಗಳಲ್ಲಿ 1993ರ ಮಾರ್ಚ್ ಕೊನೆ ಹಾಗೂ ಏಪ್ರಿಲ್ ಮೊದಲ ವಾರಗಳಲ್ಲಿ ಸುಮಾರು 4 ಲಕ್ಷ ಜನ ನೀರಿನಂಥ ಭೇದಿಯಿಂದ ನರಳಿದರು. ಇದಕ್ಕೆ ಕಾರಣವಾದದ್ದು ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಕ್ರಿಪ್ಟೋಸ್ಪೊರಿಡಿಯಂ ಎಂಬ ಏಕಕೋಶೀಯ ಪರಾವಲಂಬಿ. ಅಮೆರಿಕದಲ್ಲಿ ದಾಖಲಾದ, ಕುಡಿಯುವ ನೀರಿನಿಂದ ಹರಡಿದ ಕಾಯಿಲೆಯ ಪ್ರಕರಣಗಳಲ್ಲಿ ಇದೇ ಅತಿ ದೊಡ್ಡದು. ಬಡತನವಾಗಲಿ, ನೆರೆಯಾಗಲಿ, ಒಡೆದ ಕೊಳವೆಯಾಗಲಿ ಇದರ ಹಿಂದೆ ಇರಲಿಲ್ಲ. ಸರೋವರದ ನೀರನ್ನು ತಿಳಿಗೊಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಮನೆಮನೆಗೆ ಕಳಿಸುತ್ತಿದ್ದ ಶುದ್ಧೀಕರಣ ಘಟಕವು ಆಗ ಜಾರಿಯಲ್ಲಿದ್ದ ರಾಜ್ಯ ಮತ್ತು ಕೇಂದ್ರ ಮಾನದಂಡಗಳನ್ನು ಪಾಲಿಸುತ್ತಲೇ ಇತ್ತು. ಈ ಪ್ರಕರಣವನ್ನು ಮತ್ತೆ ಮತ್ತೆ ಓದಬೇಕಾಗಿರುವುದು ಆ ಕಾರಣಕ್ಕೇ. ಅಪಾಯದ ಸುಳಿವುಗಳೆಲ್ಲವೂ ನಗರದೊಳಗೇ ಇದ್ದವು. ಆದರೆ ಒಂದೊಂದು ಸುಳಿವು ಒಂದೊಂದು ಕಡೆ ಇದ್ದು, ಅವುಗಳನ್ನು ಒಟ್ಟಿಗೆ ಇಟ್ಟು ನೋಡುವ ಹೊಣೆ ಯಾರದೂ ಆಗಿರಲಿಲ್ಲ.

ಪರಾವಲಂಬಿಯ ಸ್ವಭಾವ

ಈ ಜೀವಿಯನ್ನು 1907ರಲ್ಲಿ ಇಲಿಗಳ ಜಠರದ ಗ್ರಂಥಿಗಳಲ್ಲಿ ಮೊದಲು ಕಂಡು ವಿವರಿಸಿದವರು ಅರ್ನೆಸ್ಟ್ ಎಡ್ವರ್ಡ್ ಟೈಜರ್. ಮನುಷ್ಯರಲ್ಲಿ ಅದರ ಸೋಂಕು ವರದಿಯಾದದ್ದು 1976ರಲ್ಲಿ. ಏಡ್ಸ್ ಕಾಣಿಸಿಕೊಂಡ ಮೇಲೆ, ತಿಂಗಳುಗಟ್ಟಲೆ ನಿಲ್ಲದ ಭೇದಿಯ ಕಾರಣವಾಗಿ ವೈದ್ಯರ ಗಮನ ಅದರ ಮೇಲೆ ಗಂಭೀರವಾಗಿ ಹರಿಯಿತು. ರೋಗಿಯ ಮಲದಲ್ಲಿ ಹೊರಬೀಳುವ ಅದರ ರೂಪಕ್ಕೆ ಊಸಿಸ್ಟ್ ಎನ್ನುತ್ತಾರೆ. ಇದು ಗಟ್ಟಿ ಕವಚವುಳ್ಳ, 4ರಿಂದ 6 ಮೈಕ್ರೊಮೀಟರ್ ಅಗಲದ ದುಂಡನೆಯ ಕೋಶ. ಒಳಗೆ ನಾಲ್ಕು ಬೀಜಾಣುಗಳಿರುತ್ತವೆ. ಹೊರಬಿದ್ದ ಕ್ಷಣದಿಂದಲೇ ಇನ್ನೊಬ್ಬರಿಗೆ ಸೋಂಕು ತಗಲಿಸುವ ಶಕ್ತಿ ಇದಕ್ಕಿದೆ. ನುಂಗಿದವರ ಸಣ್ಣಕರುಳಿನಲ್ಲಿ ಕವಚ ಬಿರಿದು, ಬೀಜಾಣುಗಳು ಕರುಳಿನ ಒಳಪದರದ ಕೋಶಗಳ ಅಂಚಿಗೆ ಅಂಟಿಕೊಂಡು ಅಲ್ಲಿಯೇ ವೃದ್ಧಿಯಾಗುತ್ತವೆ. ಹೀಗೆ ಹುಟ್ಟುವ ಊಸಿಸ್ಟ್‌ಗಳಲ್ಲಿ ತೆಳು ಕವಚದ ಒಂದು ಪಾಲು ಹೊರಗೆ ಹೋಗದೆ ಅದೇ ಕರುಳಿನಲ್ಲಿ ಬಿರಿದು ಮತ್ತೆ ಸೋಂಕುಂಟುಮಾಡುತ್ತದೆ. ರೋಗನಿರೋಧಕ ಶಕ್ತಿ ಚೆನ್ನಾಗಿರುವವರ ದೇಹ ಈ ಚಕ್ರವನ್ನು ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ತುಂಡರಿಸುತ್ತದೆ. ಆ ಶಕ್ತಿ ಕುಂದಿದವರಲ್ಲಿ ಚಕ್ರ ನಿಲ್ಲುವುದೇ ಇಲ್ಲ.

ಕ್ಲೋರಿನ್ ಬೆರೆಸಿದ ನೀರಿನಲ್ಲೂ ಇದು ಬದುಕಿರುವುದು ಈ ಕವಚದ ಬಲದಿಂದ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ ನೀರಿನಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಒಂದು ನಿಮಿಷದೊಳಗೆ ಸಾಯುತ್ತದೆ, ಹೆಪಟೈಟಿಸ್ ಎ ವೈರಸ್ ಸುಮಾರು 16 ನಿಮಿಷದಲ್ಲಿ, ಭೇದಿ ತರುವ ಇನ್ನೊಂದು ಪರಾವಲಂಬಿಯಾದ ಜಿಯಾರ್ಡಿಯಾ ಸುಮಾರು 45 ನಿಮಿಷದಲ್ಲಿ ನಾಶವಾಗುತ್ತವೆ. ಕ್ರಿಪ್ಟೋಸ್ಪೊರಿಡಿಯಂಗೆ ಬೇಕಾಗುವುದು 15,300 ನಿಮಿಷ, ಅಂದರೆ ಹತ್ತು ದಿನಕ್ಕೂ ಹೆಚ್ಚು. ಆದ್ದರಿಂದ ಘಟಕದಲ್ಲಿ ಈ ಜೀವಿಯನ್ನು ತಡೆಯುವ ಕೆಲಸವೆಲ್ಲ ಕ್ಲೋರಿನ್ ಬೆರೆಸುವುದಕ್ಕೆ ಮೊದಲೇ, ನೀರನ್ನು ತಿಳಿಗೊಳಿಸುವ ಮತ್ತು ಸೋಸುವ ಹಂತಗಳಲ್ಲೇ ಮುಗಿಯಬೇಕು. ಅಲ್ಲಿ ತಪ್ಪಿಸಿಕೊಂಡದ್ದು ನೇರವಾಗಿ ನಲ್ಲಿಗೆ ಬರುತ್ತದೆ.

ಘಟಕದಲ್ಲಿ ನಡೆದದ್ದು

ಮಿಲ್ವಾಕಿಗೆ ನೀರೊದಗಿಸುತ್ತಿದ್ದ ಘಟಕಗಳು ಎರಡು: ಉತ್ತರದಲ್ಲಿ ಲಿನ್‌ವುಡ್, ದಕ್ಷಿಣದಲ್ಲಿ ಹೋವರ್ಡ್ ಅವೆನ್ಯೂ. ಎರಡಕ್ಕೂ ಮೂಲ ಮಿಷಿಗನ್ ಸರೋವರವೇ. ಆ ವಸಂತದಲ್ಲಿ ಭಾರೀ ಮಳೆಯೂ ಹಿಮಕರಗುವಿಕೆಯೂ ಒಟ್ಟಿಗೆ ಬಂದು, ನಗರದ ಬಂದರಿನ ಮೂಲಕ ಸರೋವರ ಸೇರುವ ನದಿಗಳು ತುಂಬಿ ಹರಿದವು. ದಕ್ಷಿಣ ಘಟಕಕ್ಕೆ ಬರುತ್ತಿದ್ದ ನೀರು ಬಗ್ಗಡವಾಯಿತು.

ಬಗ್ಗಡ ನೀರಿನ ಕಣಗಳು ತಾವಾಗಿ ತಳ ಸೇರುವುದಿಲ್ಲ. ಅವನ್ನು ಒಂದಕ್ಕೊಂದು ಅಂಟಿಸಿ ಭಾರವಾಗಿಸಲು ರಾಸಾಯನಿಕವೊಂದನ್ನು ಬೆರೆಸಬೇಕು. ನಮ್ಮಲ್ಲಿ ಬಿಂದಿಗೆಯ ನೀರಿಗೆ ಪಟಿಕ ತೇಯುವುದರ ಹಿಂದಿನ ತತ್ತ್ವವೂ ಇದೇ. ದಕ್ಷಿಣ ಘಟಕ ಬಹುಕಾಲ ಬಳಸುತ್ತಿದ್ದದ್ದೂ ಪಟಿಕವನ್ನೇ. ಆದರೆ ಪಟಿಕದಿಂದ ನೀರಿನ ಆಮ್ಲೀಯತೆ ಹೆಚ್ಚಿ, ಕೊಳವೆಗಳ ಸೀಸ ಮತ್ತು ತಾಮ್ರ ನೀರಿನಲ್ಲಿ ಕರಗಬಹುದೆಂಬ ಕಾಳಜಿಯಿಂದ, ಈ ಘಟನೆಗೆ ಕೆಲವೇ ತಿಂಗಳ ಮೊದಲು ಅದರ ಬದಲು ಪಾಲಿ ಅಲ್ಯುಮಿನಿಯಂ ಕ್ಲೋರೈಡ್ ಬಳಸಲು ಆರಂಭಿಸಲಾಗಿತ್ತು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಸರೋವರದ ನೀರು ದಿನದಿಂದ ದಿನಕ್ಕೆ ಬದಲಾಗುತ್ತಿದ್ದಾಗ ಹೊಸ ರಾಸಾಯನಿಕವನ್ನು ಎಷ್ಟು ಬೆರೆಸಬೇಕೆಂಬ ಹಳೆಯ ದಾಖಲೆಯಾಗಲಿ, ಕೈಗೆ ಹತ್ತಿದ ಅನುಭವವಾಗಲಿ ಸಿಬ್ಬಂದಿಗೆ ಇರಲಿಲ್ಲ. ಪ್ರಮಾಣವನ್ನು ಸರಿಪಡಿಸಲು ನೆರವಾಗಬೇಕಿದ್ದ, ನೀರಿನ ಕಣಗಳ ವಿದ್ಯುದಾವೇಶವನ್ನು ಅಳೆಯುವ ಮಾಪಕವನ್ನು ತಪ್ಪಾಗಿ ಅಳವಡಿಸಲಾಗಿದ್ದುದರಿಂದ ಅದು ಬಳಕೆಯಲ್ಲಿರಲಿಲ್ಲ. ಶೋಧಕಗಳಿಂದ ಹೊರಬರುವ ನೀರಿನ ಬಗ್ಗಡವನ್ನು ಎಡೆಬಿಡದೆ ಅಳೆಯುವ ಉಪಕರಣಗಳೂ ಬಳಕೆಯಲ್ಲಿರಲಿಲ್ಲ. ಎಂಟು ಗಂಟೆಗೊಮ್ಮೆ ಮಾದರಿ ತೆಗೆದು ಅಳತೆಯನ್ನು ಪುಸ್ತಕದಲ್ಲಿ ಬರೆಯಲಾಗುತ್ತಿತ್ತು. ಇದರ ಮೇಲೆ, ಶೋಧಕಗಳನ್ನು ಹಿಮ್ಮುಖವಾಗಿ ತೊಳೆದಾಗ ಬರುವ ಕೊಳೆನೀರನ್ನು ಹೊರಗೆ ಬಿಡದೆ ಶುದ್ಧೀಕರಣದ ಆರಂಭಕ್ಕೇ ಮತ್ತೆ ಸೇರಿಸುವ ಪದ್ಧತಿಯಿತ್ತು. ಹೀಗಾಗಿ, ಶೋಧಕ ಹಿಡಿದಿಟ್ಟ ಊಸಿಸ್ಟ್‌ಗಳು ಕೂಡ ಘಟಕದೊಳಗೇ ಸುತ್ತುತ್ತಿದ್ದಿರಬೇಕು.

ಘಟಕದಿಂದ ಹೊರಹೋಗುವ ನೀರಿನ ಬಗ್ಗಡ ಮಾರ್ಚ್ 21ರ ಸುಮಾರಿಗೆ ಏರತೊಡಗಿತು. ಮಾರ್ಚ್ 23ರಿಂದ ಏಪ್ರಿಲ್ 1ರವರೆಗೆ ದಿನದ ಗರಿಷ್ಠ ಅಳತೆ ಒಮ್ಮೆಯೂ 0.45 ಎನ್‌ಟಿಯುಗಿಂತ (ಎನ್‌ಟಿಯು ಎಂದರೆ ಬಗ್ಗಡವನ್ನು ಅಳೆಯುವ ಮಾನ) ಕೆಳಗೆ ಇಳಿಯಲಿಲ್ಲ. ಮಾರ್ಚ್ 28 ಮತ್ತು 30ರಂದು 1.7 ಮುಟ್ಟಿತು. ಹಲವು ವರ್ಷಗಳಿಂದ ಆ ಘಟಕದಲ್ಲಿ ಅಂಥ ಅಳತೆ ಕಂಡಿರಲಿಲ್ಲ. ನೀರು ಚೆನ್ನಾಗಿಲ್ಲವೆಂದು ಬಳಕೆದಾರರಿಂದ ದೂರುಗಳೂ ಬರುತ್ತಿದ್ದವು. ಏಪ್ರಿಲ್ 2ರಂದು ಘಟಕ ಪಟಿಕಕ್ಕೆ ಮರಳಿತು. ಇಷ್ಟಾದರೂ ಪುಸ್ತಕದಲ್ಲಿದ್ದ ಅಂಕಿಗಳು ಆಗಿನ ನಿಯಮದ ಮಿತಿಯೊಳಗೇ ಇದ್ದವು. ನಿಯಮದ ಮಿತಿ ಎಷ್ಟೆಂದು ನೋಡಿದವರು, ಈ ಘಟಕದಲ್ಲಿ ಇಷ್ಟು ವರ್ಷ ಆಗದ್ದು ಈಗೇಕೆ ಆಗುತ್ತಿದೆ ಎಂದು ಕೇಳಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಕೇಂದ್ರ ಇದು. ಕೆಟ್ಟ ಮಾಪಕವನ್ನು ದುರಸ್ತಿ ಮಾಡಬಹುದು. ಆದರೆ ಅಳತೆ ಮಿತಿಯೊಳಗಿದೆ ಎಂಬ ಒಂದೇ ಕಾರಣಕ್ಕೆ ಅದರ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವ ಅಭ್ಯಾಸ ಮಾಪಕ ಸರಿಯಿದ್ದಾಗಲೂ ಉಳಿಯುತ್ತದೆ.

ಮುನ್ಸೂಚನೆಯೇ ಇರಲಿಲ್ಲವೆಂದು ಹೇಳುವಂತಿಲ್ಲ. 1987ರಲ್ಲಿ ಜಾರ್ಜಿಯಾ ರಾಜ್ಯದ ಕ್ಯಾರಲ್‌ಟನ್ ಪ್ರದೇಶದಲ್ಲಿ ಇದೇ ಪರಾವಲಂಬಿಯಿಂದ ಸುಮಾರು 13,000 ಜನ ಕಾಯಿಲೆ ಬಿದ್ದಿದ್ದರು. ಅಲ್ಲಿಯೂ ನೀರನ್ನು ಸೋಸಲಾಗುತ್ತಿತ್ತು, ಅಲ್ಲಿಯೂ ನೀರು ಮಾನದಂಡದ ಮಿತಿಯೊಳಗೇ ಇತ್ತು.

ರೋಗ ಗುರುತಾದ ಬಗೆ

ಏಪ್ರಿಲ್ 5, ಸೋಮವಾರ, ನಗರದ ಆರೋಗ್ಯ ಇಲಾಖೆ ರಾಜ್ಯದ ಆರೋಗ್ಯ ವಿಭಾಗವನ್ನು ಸಂಪರ್ಕಿಸಿತು. ಹೊಟ್ಟೆಯ ಕಾಯಿಲೆಯಿಂದ ಆಸ್ಪತ್ರೆಯ ನೌಕರರು, ಶಾಲಾಮಕ್ಕಳು, ಶಿಕ್ಷಕರು ದೊಡ್ಡ ಸಂಖ್ಯೆಯಲ್ಲಿ ಗೈರುಹಾಜರಾಗುತ್ತಿದ್ದರು. ಔಷಧಿ ಅಂಗಡಿಗಳಲ್ಲಿ ಭೇದಿ ನಿಲ್ಲಿಸುವ ಮಾತ್ರೆಗಳ ಮಾರಾಟ ಅದಾಗಲೇ ಏರಿತ್ತು. ಜ್ವರ, ವಾಂತಿ, ಹೊಟ್ಟೆ ನುಲಿತ, ಭೇದಿ ಎಂದು ಬಂದವರನ್ನು ವೈದ್ಯರು ವೈರಸ್ ಸೋಂಕೆಂದು ಭಾವಿಸಿ ಮನೆಗೆ ಕಳಿಸುತ್ತಿದ್ದುದು ಆ ಋತುವಿನಲ್ಲಿ ಸಹಜವೇ ಆಗಿತ್ತು.

ಮಲ ಪರೀಕ್ಷೆಗೆ ಕಳಿಸಿದವರಿಗೂ ಉತ್ತರ ಸಿಗಲಿಲ್ಲ. ಹುಳುವಿನ ಮೊಟ್ಟೆ, ಅಮೀಬಾ, ಜಿಯಾರ್ಡಿಯಾಗಳನ್ನು ಹುಡುಕುವ ಸಾಮಾನ್ಯ ಮಲ ಪರೀಕ್ಷೆಯಲ್ಲಿ ಕ್ರಿಪ್ಟೋಸ್ಪೊರಿಡಿಯಂ ಸಿಕ್ಕಿಬೀಳುವುದಿಲ್ಲ. ಬಣ್ಣ ಹಾಕದ ಗಾಜಿನ ಪಟ್ಟಿಯಲ್ಲಿ ಅದನ್ನು ಯೀಸ್ಟ್ ಕಣವೆಂದು ತಿಳಿದು ದಾಟಿಬಿಡುವುದು ಬಹಳ ಸುಲಭ. ಕ್ಷಯರೋಗಿಯ ಕಫಕ್ಕೆ ಹಾಕುವ ಆಮ್ಲಸ್ಥಿರ ಬಣ್ಣವನ್ನು ತುಸು ಮಾರ್ಪಡಿಸಿ ಹಾಕಿದರೆ, ನೀಲಿ ಅಥವಾ ಹಸಿರು ಹಿನ್ನೆಲೆಯ ಮೇಲೆ ಗುಲಾಬಿಯಿಂದ ಗಾಢ ಕೆಂಪಿನವರೆಗಿನ ದುಂಡನೆಯ ಕಣಗಳಾಗಿ ಅವು ಎದ್ದು ಕಾಣುತ್ತವೆ. ಕೆಲವು ಕಣಗಳ ಒಳಗೆ ಬೀಜಾಣುಗಳ ಬಾಗಿದ ಗೆರೆಗಳೂ ತೋರುತ್ತವೆ. ಆದರೆ ವೈದ್ಯರು ಹೆಸರು ಹೇಳಿ ಕೇಳಿದರೆ ಮಾತ್ರ ಪ್ರಯೋಗಾಲಯಗಳು ಈ ಪರೀಕ್ಷೆ ಮಾಡುತ್ತಿದ್ದವು, ಮತ್ತು ಏಡ್ಸ್ ಇಲ್ಲದ ರೋಗಿಗೆ ಅದನ್ನು ಕೇಳುವವರು ಅಪರೂಪವಾಗಿದ್ದರು. ಏಪ್ರಿಲ್ 7ರಂದು ಎರಡು ಪ್ರಯೋಗಾಲಯಗಳು ಏಳು ಮಂದಿ ವಯಸ್ಕರ ಮಲದಲ್ಲಿ ಊಸಿಸ್ಟ್‌ಗಳನ್ನು ಗುರುತಿಸಿದವು. ಪರಸ್ಪರ ಸಂಬಂಧವಿಲ್ಲದ, ಸಾಮಾನ್ಯ ಆರೋಗ್ಯದ ವಯಸ್ಕರಲ್ಲಿ ಒಟ್ಟಿಗೇ ಈ ಪರಾವಲಂಬಿ ಕಂಡರೆ ಅದಕ್ಕೆ ನೀರಲ್ಲದೆ ಬೇರೆ ವಿವರಣೆ ಕಷ್ಟ. ಅಂದು ಸಂಜೆಯೇ ನೀರನ್ನು ಕುದಿಸಿ ಕುಡಿಯಬೇಕೆಂಬ ಸೂಚನೆ ಹೊರಟಿತು; ಮೇಯರ್ ಜಾನ್ ನಾರ್ಕ್ವಿಸ್ಟ್ ಅದನ್ನು ಜನರ ಮುಂದೆ ಪ್ರಕಟಿಸಿದರು. ಏಪ್ರಿಲ್ 9ರಂದು ದಕ್ಷಿಣ ಘಟಕವನ್ನು ಮುಚ್ಚಲಾಯಿತು. ಸೂಚನೆಯನ್ನು ಹಿಂತೆಗೆದುಕೊಂಡದ್ದು ಏಪ್ರಿಲ್ 14ರಂದು.

ಪ್ರಯೋಗಾಲಯದ ಪೂರ್ಣ ಪುರಾವೆ ಸಿಗುವವರೆಗೆ ಕಾಯದೆ, ಏಳು ರೋಗಿಗಳ ಫಲಿತಾಂಶದ ಆಧಾರದ ಮೇಲೆ ಇಡೀ ನಗರಕ್ಕೆ ನೀರು ಕುದಿಸಲು ಹೇಳಿದ್ದು ದಿಟ್ಟ ನಿರ್ಧಾರ, ಮತ್ತು ಸರಿಯಾದ ನಿರ್ಧಾರ. ಆದರೆ ಸೋಂಕು ತಗಲಿದ ಮೇಲೆ ರೋಗಲಕ್ಷಣ ತೋರಲು ಸರಾಸರಿ ಒಂದು ವಾರ ಹಿಡಿಯುವುದರಿಂದ, ಆ ಹೊತ್ತಿಗೆ ಬಹುಪಾಲು ಜನ ಆ ನೀರನ್ನು ಕುಡಿದಾಗಿತ್ತು.

ಪುರಾವೆಗಳ ಜೋಡಣೆ

ನೀರೇ ಕಾರಣವೆಂಬುದನ್ನು ತೋರಿಸಿಕೊಟ್ಟ ತನಿಖೆಯ ಕ್ರಮ ಕಲಿಯುವವರಿಗೆ ಇಂದಿಗೂ ಉತ್ತಮ ಪಾಠ. ವೃದ್ಧರ ಆರೈಕೆ ಕೇಂದ್ರಗಳ ನಿವಾಸಿಗಳು ಹೊರಗೆ ಓಡಾಡುವುದು ಕಡಿಮೆಯಾದ್ದರಿಂದ ಅವರು ಕುಡಿದ ನೀರು ಯಾವ ಘಟಕದ್ದೆಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಅವರ ಭೇದಿಯ ದಾಖಲೆಯನ್ನು ಸಿಬ್ಬಂದಿ ದಿನವೂ ಬರೆದಿಟ್ಟಿರುತ್ತಾರೆ. ದಕ್ಷಿಣದ ಏಳು ಕೇಂದ್ರಗಳಲ್ಲಿ ಭೇದಿಯಿದ್ದ 69 ಮಂದಿಯ ಮಲ ಪರೀಕ್ಷಿಸಿದಾಗ ಶೇ. 51ರಷ್ಟು ಜನರಲ್ಲಿ ಪರಾವಲಂಬಿ ಸಿಕ್ಕಿತು. ಉತ್ತರದ ಕೇಂದ್ರಗಳಲ್ಲಿ ಪರೀಕ್ಷಿಸಿದ 12 ಮಂದಿಯಲ್ಲಿ ಒಬ್ಬರಲ್ಲಿಯೂ ಇರಲಿಲ್ಲ. ದಕ್ಷಿಣದಲ್ಲಿದ್ದೂ ಸ್ವಂತ ಬಾವಿಯ ನೀರು ಬಳಸುತ್ತಿದ್ದ ಒಂದು ಕೇಂದ್ರದಲ್ಲಿ ಭೇದಿ ಹೆಚ್ಚಲೇ ಇಲ್ಲ. ಅಲ್ಪಕಾಲ ನಗರಕ್ಕೆ ಬಂದುಹೋದ ಪ್ರವಾಸಿಗರಲ್ಲಿಯೂ ಊರಿಗೆ ಮರಳಿದ ಮೇಲೆ ಕಾಯಿಲೆ ಕಾಣಿಸಿತು.

ಉಳಿದ ಪ್ರಶ್ನೆ ಒಂದೇ: ರೋಗ ಗುರುತಾಗುವ ಹೊತ್ತಿಗೆ ಹರಿದುಹೋಗಿದ್ದ ಮಾರ್ಚ್ ತಿಂಗಳ ನೀರನ್ನು ಪರೀಕ್ಷಿಸುವುದು ಹೇಗೆ? ನಗರದ ದಕ್ಷಿಣ ಭಾಗದ ಮಂಜುಗಡ್ಡೆ ತಯಾರಕರೊಬ್ಬರಲ್ಲಿ ಮಾರ್ಚ್ 25 ಮತ್ತು ಏಪ್ರಿಲ್ 9ರಂದು ನಲ್ಲಿನೀರಿನಿಂದ ಮಾಡಿದ ದೊಡ್ಡ ಗಡ್ಡೆಗಳು ಉಳಿದಿದ್ದವು. ಅವನ್ನು ಕರಗಿಸಿ ಸೂಕ್ಷ್ಮ ಪೊರೆಯಲ್ಲಿ ಸೋಸಿ ನೋಡಿದಾಗ, ಮೊದಲನೆಯ ದಿನದ್ದರಲ್ಲಿ 100 ಲೀಟರಿಗೆ 13.2, ಎರಡನೆಯದರಲ್ಲಿ 6.7 ಊಸಿಸ್ಟ್‌ಗಳು ಸಿಕ್ಕವು. ಹೆಪ್ಪುಗಟ್ಟಿ ಕರಗುವಾಗ ಊಸಿಸ್ಟ್‌ಗಳು ಒಡೆದು ಕಳೆದುಹೋಗುವುದರಿಂದ ಮೂಲ ನೀರಿನಲ್ಲಿ ಅವುಗಳ ಸಂಖ್ಯೆ ಇದಕ್ಕಿಂತ ಹೆಚ್ಚೇ ಇದ್ದಿರಬೇಕು. ಹರಿದುಹೋದ ನೀರಿನ ಸಾಕ್ಷಿಯನ್ನು ಉಗ್ರಾಣದ ಮಂಜುಗಡ್ಡೆಯಲ್ಲಿ ಹುಡುಕಬಹುದೆಂದು ಯೋಚಿಸಿದ ತನಿಖಾಧಿಕಾರಿಗಳ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಒಟ್ಟು ರೋಗಿಗಳ ಸಂಖ್ಯೆಯನ್ನು ಎಣಿಸಿದ್ದಲ್ಲ, ಅಂದಾಜು ಮಾಡಿದ್ದು. ಯಾದೃಚ್ಛಿಕವಾಗಿ ಆರಿಸಿದ ದೂರವಾಣಿ ಸಂಖ್ಯೆಗಳಿಗೆ ಕರೆಮಾಡಿ ಮನೆಯವರನ್ನು ವಿಚಾರಿಸಿದಾಗ, ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಶೇ. 26ರಷ್ಟು ಜನರಿಗೆ ನೀರಿನಂಥ ಭೇದಿಯಾಗಿತ್ತೆಂದು ತಿಳಿಯಿತು. ಸುತ್ತಲಿನ ಐದು ಜಿಲ್ಲೆಗಳ ಜನಸಂಖ್ಯೆ ಸುಮಾರು 16.1 ಲಕ್ಷ, ಅದರ ಶೇ. 26 ಎಂದರೆ 4.19 ಲಕ್ಷ. ಯಾವುದೇ ಪಿಡುಗು ಇಲ್ಲದಾಗಲೂ ತಿಂಗಳಿಗೆ ಶೇ. 0.5ರಷ್ಟು ಜನರಿಗೆ ಭೇದಿಯಾಗುತ್ತದೆಂದು ಹಿಡಿದು, ಎರಡು ತಿಂಗಳ ಸುಮಾರು 16,000 ಜನರನ್ನು ಕಳೆದರೆ ಪ್ರಸಿದ್ಧವಾದ 4,03,000 ಎಂಬ ಅಂಕಿ ಬರುತ್ತದೆ. ಇಂಥ ಸಮೀಕ್ಷೆಯಲ್ಲಿ ಜನ ಹಳೆಯದನ್ನೂ ಸಣ್ಣಪುಟ್ಟದನ್ನೂ ಸೇರಿಸಿ ಹೇಳುವುದರಿಂದ ಇದು ಅತಿಯಾದ ಅಂದಾಜು ಎಂದು ನಂತರದ ಕೆಲವು ವಿದ್ವಾಂಸರು ವಾದಿಸಿದ್ದಾರೆ. ಆ ಆಕ್ಷೇಪಕ್ಕೆ ತೂಕವಿದೆ. ಆದರೂ ಭೇದಿಯ ಪ್ರಮಾಣ ದಕ್ಷಿಣದಲ್ಲಿ ಅತಿ ಹೆಚ್ಚಾಗಿ, ಉತ್ತರಕ್ಕೆ ಹೋದಂತೆ ಕಡಿಮೆಯಾಗುವುದನ್ನು ನೆನಪಿನ ದೋಷವೊಂದೇ ವಿವರಿಸಲಾರದು.

ರೋಗಿಗಳು

ಪ್ರಯೋಗಾಲಯದಲ್ಲಿ ಸೋಂಕು ದೃಢಪಟ್ಟ 285 ಮಂದಿಯ ವಿವರಗಳು ರೋಗದ ತೀವ್ರತೆಯನ್ನು ತೋರಿಸುತ್ತವೆ. ಶೇ. 93ರಷ್ಟು ಜನರಿಗೆ ನೀರಿನಂಥ ಭೇದಿ, ಶೇ. 84ರಷ್ಟು ಜನರಿಗೆ ಹೊಟ್ಟೆ ನುಲಿತ, ಶೇ. 57ರಷ್ಟು ಜನರಿಗೆ ಜ್ವರ, ಶೇ. 48ರಷ್ಟು ಜನರಿಗೆ ವಾಂತಿ ಇತ್ತು. ಭೇದಿಯ ಅವಧಿಯ ಮಧ್ಯಮಾಂಕ 9 ದಿನ. ಕಾಯಿಲೆ ಜೋರಾಗಿದ್ದಾಗ ದಿನಕ್ಕೆ 12 ಬಾರಿ. ವಾಸಿಯಾಯಿತೆಂದು ಎರಡು ದಿನ ಸಮಾಧಾನಪಟ್ಟವರಲ್ಲಿ ಹಲವರಿಗೆ ಭೇದಿ ಮರುಕಳಿಸಿತು. ಇಡೀ ಪಿಡುಗಿನಲ್ಲಿ ಸುಮಾರು 4,400 ಜನ ಆಸ್ಪತ್ರೆಗೆ ದಾಖಲಾದರೆಂಬುದು ಮುಂದೆ ಮಾಡಿದ ಅಂದಾಜು.

ಆರೋಗ್ಯವಂತರು ನೀರು, ಲವಣ ತುಂಬಿಕೊಂಡು ಚೇತರಿಸಿಕೊಂಡರು. ಏಡ್ಸ್ ರೋಗಿಗಳಿಗೆ ಆ ಅವಕಾಶ ಇರಲಿಲ್ಲ. 1993ರಲ್ಲಿ ಈ ಪರಾವಲಂಬಿಗೆ ಫಲಕಾರಿಯಾದ ಔಷಧಿಯೇ ಇರಲಿಲ್ಲ. ರೋಗನಿರೋಧಕ ಶಕ್ತಿಯನ್ನು ಮರಳಿ ತರುವ ಎಚ್‌ಐವಿಯ ಸಂಯುಕ್ತ ಚಿಕಿತ್ಸೆ ಬರಲು ಇನ್ನೂ ಮೂರು ವರ್ಷ ಬಾಕಿಯಿತ್ತು. ಪಿಡುಗಿಗೆ ಮೊದಲಿನ ಎರಡು ವರ್ಷಗಳಲ್ಲಿ ಈ ಸೋಂಕಿಗೆ ಸಂಬಂಧಿಸಿದ ಸಾವುಗಳು 4. ನಂತರದ ಸುಮಾರು ಎರಡು ವರ್ಷಗಳಲ್ಲಿ 54. ಅವರಲ್ಲಿ ಶೇ. 85ರಷ್ಟು ಜನ ಏಡ್ಸ್ ಪೀಡಿತರು. ಈ ಪ್ರಕರಣವನ್ನು 4 ಲಕ್ಷ ಜನರ ಹೊಟ್ಟೆನೋವಿನ ಕಥೆಯಾಗಿ ಹೇಳುವವರು ಈ 54 ಜನರನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಅದು ನ್ಯಾಯವಲ್ಲ. ನೀರಿನ ಮಾನದಂಡವನ್ನು ಗಟ್ಟಿಮುಟ್ಟಾದವರ ಕರುಳನ್ನು ಮನಸ್ಸಿನಲ್ಲಿಟ್ಟು ನಿಗದಿ ಮಾಡಿದರೆ ಅದರ ಬೆಲೆ ತೆರುವವರು ಇವರೇ.

ಮೂಲ ಮತ್ತು ಪರಿಣಾಮ

ಊಸಿಸ್ಟ್‌ಗಳು ಸರೋವರಕ್ಕೆ ಎಲ್ಲಿಂದ ಬಂದವೆಂಬುದು ನಿರ್ಣಯವಾಗಿಲ್ಲ. ಮೊದಲು ಬೆರಳು ತೋರಿದ್ದು ದನಗಳ ಸಗಣಿ ಕೊಚ್ಚಿಬರುವ ಹೊಲಗಳತ್ತ ಮತ್ತು ಕಸಾಯಿಖಾನೆಗಳತ್ತ. ಆದರೆ ಕಾಪಿಟ್ಟಿದ್ದ ಕೆಲವು ರೋಗಿಗಳ ಮಲದ ಮಾದರಿಗಳನ್ನು 1990ರ ದಶಕದ ಕೊನೆಯ ಭಾಗದಲ್ಲಿ ವಂಶವಾಹಿ ಪರೀಕ್ಷೆಗೆ ಒಳಪಡಿಸಿದಾಗ, ಅವು ಮನುಷ್ಯರಿಂದ ಮನುಷ್ಯರಿಗೆ ಹರಡುವ, ಈಗ ಕ್ರಿಪ್ಟೋಸ್ಪೊರಿಡಿಯಂ ಹೋಮಿನಿಸ್ ಎಂಬ ಹೆಸರಿನ ಪ್ರಭೇದಕ್ಕೆ ಸೇರಿದ್ದವು. ಹಾಗಾಗಿ ನಗರದ್ದೇ ಒಳಚರಂಡಿಯ ನೀರು ಸರೋವರ ಸೇರಿ, ಅದೇ ನಗರದ ನಲ್ಲಿಗೆ ಮರಳಿತೆಂಬ ವಿವರಣೆಗೆ ಬಲ ಹೆಚ್ಚು.

ಚಿಕಿತ್ಸೆ ಮತ್ತು ಕೆಲಸದ ನಷ್ಟ ಸೇರಿ ಪಿಡುಗಿನ ವೆಚ್ಚ 9.62 ಕೋಟಿ ಡಾಲರ್ ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿತು. ಅದರಲ್ಲಿ ಮೂರನೆಯ ಎರಡು ಪಾಲು ಕೆಲಸಕ್ಕೆ ಹೋಗಲಾಗದ್ದರ ನಷ್ಟ. ನಗರವು ಶೋಧಕಗಳನ್ನು ನವೀಕರಿಸಿತು, ದಕ್ಷಿಣ ಘಟಕದ ನೀರೆಳೆಯುವ ಕೊಳವೆಯನ್ನು ಸರೋವರದಲ್ಲಿ ಇನ್ನಷ್ಟು ದೂರಕ್ಕೆ ಒಯ್ದಿತು, 1998ರಲ್ಲಿ ಓಜೋನ್ ಸೋಂಕುನಿವಾರಣೆಯನ್ನು ಆರಂಭಿಸಿತು. ಓಜೋನ್ ಈ ಕವಚವನ್ನು ಭೇದಿಸಬಲ್ಲದು. ಅದೇ ವರ್ಷ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಗ್ಗಡದ ಮಿತಿಯನ್ನು ಬಿಗಿಗೊಳಿಸಿತು, ಪ್ರತಿ ಶೋಧಕದ ನೀರನ್ನೂ ಎಡೆಬಿಡದೆ ಅಳೆಯುವುದನ್ನು ಕಡ್ಡಾಯ ಮಾಡಿತು. 2006ರ ನಿಯಮವು ಮೂಲದ ನೀರಿನಲ್ಲಿಯೇ ಕ್ರಿಪ್ಟೋಸ್ಪೊರಿಡಿಯಂ ಹುಡುಕಿ, ಅದರ ಪ್ರಮಾಣಕ್ಕೆ ತಕ್ಕ ಹೆಚ್ಚುವರಿ ಚಿಕಿತ್ಸೆ ಅಳವಡಿಸಬೇಕೆಂದಿತು. ಅಲ್ಪ ಪ್ರಮಾಣದ ಅತಿನೇರಳೆ ಕಿರಣವೂ ಊಸಿಸ್ಟನ್ನು ನಿಷ್ಕ್ರಿಯಗೊಳಿಸುತ್ತದೆ ಎಂಬ ಅರಿವು ಮೂಡಿದ್ದೂ ಈ ವರ್ಷಗಳಲ್ಲೇ. ನಿಟಜೊಕ್ಸನೈಡ್ ಎಂಬ ಔಷಧಿಗೆ ಮಕ್ಕಳ ಚಿಕಿತ್ಸೆಗಾಗಿ 2002ರಲ್ಲಿ ಅನುಮತಿ ಸಿಕ್ಕಿತು. ಆದರೆ ಎಚ್‌ಐವಿಯಿಂದ ನಿರೋಧಕ ಶಕ್ತಿ ಕುಸಿದವರಲ್ಲಿ ಅದು ಭರವಸೆಯಿಡುವಷ್ಟು ಕೆಲಸ ಮಾಡುವುದಿಲ್ಲ. ಅವರಿಗೆ ಎಚ್‌ಐವಿ ಚಿಕಿತ್ಸೆಯೇ ಈ ಸೋಂಕಿನ ನಿಜವಾದ ಚಿಕಿತ್ಸೆ.

ನಮ್ಮ ದೇಶದಲ್ಲಿ ಈ ಪರಾವಲಂಬಿ ಒಮ್ಮೆಲೇ ನಗರವನ್ನು ಕೆಡವುವ ರೂಪದಲ್ಲಿ ಅಲ್ಲ, ಎಳೆಯ ಮಕ್ಕಳ ನಿತ್ಯದ ಭೇದಿಯ ರೂಪದಲ್ಲಿ ಇದೆ. ಕೊಲ್ಕತ್ತವೂ ಸೇರಿದಂತೆ ಏಷ್ಯಾ ಮತ್ತು ಆಫ್ರಿಕಾದ ಏಳು ಕಡೆ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ, ಚಿಕ್ಕ ಮಕ್ಕಳ ತೀವ್ರ ಭೇದಿಯ ನಾಲ್ಕು ಮುಖ್ಯ ಕಾರಣಗಳಲ್ಲಿ ಇದನ್ನು ಸೇರಿಸಿತು. ಕಾವೇರಿ ನೀರನ್ನು ಬೆಂಗಳೂರಿಗೆ ಕಳಿಸುವ ತೊರೆಕಾಡನಹಳ್ಳಿಯಂಥ ಘಟಕಗಳೂ ತಿಳಿಗೊಳಿಸುವುದು, ಸೋಸುವುದು, ಕ್ಲೋರಿನ್ ಬೆರೆಸುವುದು ಎಂಬ ಕ್ರಮದಲ್ಲೇ ನಡೆಯುವುದರಿಂದ, ಶೋಧಕದಿಂದ ಬರುವ ನೀರಿನ ಬಗ್ಗಡ ಎಷ್ಟಿದೆ ಎಂಬುದರ ಜೊತೆಗೆ ನಿನ್ನೆಗಿಂತ ಎಷ್ಟು ಏರಿದೆ ಎಂಬುದನ್ನೂ ಗಮನಿಸುವವರು ಅಲ್ಲಿ ಬೇಕು. ಮನೆಯ ಮಟ್ಟದಲ್ಲಿ, ನೀರು ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಲು ಬಿಟ್ಟರೆ ಈ ಪರಾವಲಂಬಿ ಸಾಯುತ್ತದೆ. ಕ್ಲೋರಿನ್ ಮಾತ್ರೆಯಿಂದ ಸಾಯುವುದಿಲ್ಲ. ಎಚ್‌ಐವಿ ಸೋಂಕಿತರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಇರುವ ಮನೆಗಳಲ್ಲಿ ಈ ವ್ಯತ್ಯಾಸ ತಿಳಿದಿರಬೇಕು. ಅಂಥವರಿಗೆ ಭೇದಿ ಒಂದು ವಾರ ಮೀರಿದರೆ, ಸಾಮಾನ್ಯ ಮಲ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದು ಅಷ್ಟಕ್ಕೇ ಬಿಡದೆ, ಕ್ರಿಪ್ಟೋಸ್ಪೊರಿಡಿಯಂಗಾಗಿ ಆಮ್ಲಸ್ಥಿರ ಬಣ್ಣದ ಪರೀಕ್ಷೆ ಬೇಕೆಂದು ವೈದ್ಯರು ಚೀಟಿಯಲ್ಲಿ ಹೆಸರು ಹಿಡಿದು ಬರೆಯಬೇಕು. ಕ್ಷಯದ ಕಫ ಪರೀಕ್ಷೆ ಮಾಡುವ ಯಾವ ಪ್ರಯೋಗಾಲಯಕ್ಕೂ ಅದು ಹೊಸ ಕೆಲಸವಲ್ಲ.